ಬೂಷ್ಟಿನಿಂದ ಬಂದ ಮದ್ದು: ಮಲೆನಾಡಿಗೆ ಪೆನಿಸಿಲಿನ್ ಇನ್ನೂ ಏಕೆ ಬೇಕು

ಮಲೆನಾಡಿನವರಿಗೆ ಬೂಷ್ಟಿನ ಪರಿಚಯ ಮಾಡಿಕೊಡಬೇಕಿಲ್ಲ. ವರದಾಮೂಲದ ಸುತ್ತ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದೆ ಹೊಡೆಯುವಾಗ ಪೆಟ್ಟಿಗೆಯ ಸೀರೆ, ಗೋಡೆಗೆ ತೂಗುಹಾಕಿದ ಚೀಲ, ಡಬ್ಬಿಯ ಹಪ್ಪಳ, ಉಪ್ಪಿನಕಾಯಿ ಭರಣಿಯ ಬಾಯಿ ಯಾವುದನ್ನೂ ಅದು ಬಿಡುವುದಿಲ್ಲ. ತೋಟಕ್ಕೆ ಹೋದರೆ ಇನ್ನೂ ದೊಡ್ಡ ಶತ್ರು ಕಾದಿರುತ್ತದೆ. ಕೊಳೆರೋಗ ಬಂದ ವರ್ಷ ಎಳೆಯ ಅಡಿಕೆ ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿದ್ದ ಕಾಲದಲ್ಲಿ, ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ಬೆಳೆಗಾರರಿಗೆ ತೋರಿಸಿಕೊಟ್ಟರು. ಕೊಳೆರೋಗ ತರುವ ಫೈಟಾಫ್ತೊರಾ ಈಗಿನ ವರ್ಗೀಕರಣದ ಪ್ರಕಾರ ನಿಜವಾದ ಶಿಲೀಂಧ್ರವಲ್ಲ, ನೀರಿನ ಬೂಷ್ಟುಗಳ ಗುಂಪಿಗೆ ಸೇರಿದ್ದು. ತೋಟದವರಿಗೆ ಆ ಭೇದದಿಂದ ಆಗಬೇಕಾದ್ದೇನೂ ಇಲ್ಲ, ನಷ್ಟ ಅಷ್ಟೇ.

ಹೀಗೆ ಹತ್ತು ತಲೆಮಾರು ಬೂಷ್ಟಿನ ಜೊತೆ ಗುದ್ದಾಡಿದ ಸೀಮೆಗೆ, ಬೂಷ್ಟಿನಿಂದಲೇ ಬಂದ ಮದ್ದೊಂದು ಸದ್ದಿಲ್ಲದೆ ಬದುಕು ಕೊಟ್ಟಿದೆ. ಪೆನಿಸಿಲಿನ್ ಎಂದರೆ ಅಜ್ಜನ ಕಾಲದ ಔಷಧಿ, ಈಗ ಅದಕ್ಕಿಂತ ಜೋರಿನವು ಬಂದಿವೆ ಎನ್ನುವ ಮಾತು ಮೆಡಿಕಲ್ ಶಾಪಿನಲ್ಲೂ ಕೇಳುತ್ತದೆ, ಆಸ್ಪತ್ರೆಯ ವರಾಂಡದಲ್ಲೂ ಕೇಳುತ್ತದೆ. ಈ ಮಾತು ಅರ್ಧ ಮಾತ್ರ ಸರಿ. ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ತಾಲ್ಲೂಕುಗಳಲ್ಲಿ ಕೆಲವು ಕಾಯಿಲೆಗಳಿಗೆ ಇಂದಿಗೂ ಪೆನಿಸಿಲಿನ್ನೇ ಮೊದಲ ಮದ್ದು. ಒಂದೆರಡಕ್ಕೆ ಅದನ್ನು ಬಿಟ್ಟರೆ ಅಷ್ಟು ನಂಬಬಹುದಾದ ಬೇರೆ ಮದ್ದೇ ಇಲ್ಲ. ಇಷ್ಟಾದರೂ ಅದು ಕಪಾಟಿನಿಂದ ಮೆಲ್ಲಗೆ ಜಾರಿಹೋಗುತ್ತಿದೆ. ಈ ಮದ್ದು ಹೇಗೆ ಬಂತು, ನಮಗೆ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ, ಏಕೆ ಸಿಗದಾಗುತ್ತಿದೆ ಎಂಬುದನ್ನು ಒಟ್ಟಾಗಿ ನೋಡುವ ಕಾಲ ಬಂದಿದೆ.

ಹುಟ್ಟಿದ ಕಥೆ ಶಾಲೆಯ ಪಾಠದಲ್ಲೇ ಇದೆ. 1928ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ, ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಯೊಂದರ ಅಂಚಿನಲ್ಲಿ ಬೂಷ್ಟು ಎದ್ದಿತ್ತು. ಬೂಷ್ಟಿನ ಸುತ್ತಲಿದ್ದ ಬ್ಯಾಕ್ಟೀರಿಯಾ ಕರಗಿಹೋಗಿದ್ದವು. ಮರುವರ್ಷ ಅವರು ಇದನ್ನು ಪ್ರಕಟಿಸಿದರು. ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಔಷಧಿ ಇನ್ನೂ ಹುಟ್ಟಿರಲಿಲ್ಲ. ಬೂಷ್ಟಿನ ರಸದಿಂದ ಆ ವಸ್ತುವನ್ನು ಬೇರ್ಪಡಿಸಿ ಶುದ್ಧಿ ಮಾಡುವುದು ಫ್ಲೆಮಿಂಗ್ ಅವರ ಕೈಯಲ್ಲಿ ಆಗಲಿಲ್ಲ. 1930ರಲ್ಲಿ ಶೆಫೀಲ್ಡಿನ ಸಿಸಿಲ್ ಪೇನ್ ಎಂಬ ವೈದ್ಯ ಆ ಕಚ್ಚಾ ರಸವನ್ನೇ ಹಸುಗೂಸುಗಳ ಕಣ್ಣಿನ ಸೋಂಕಿಗೆ ಹಾಕಿ ಗುಣಪಡಿಸಿದರಾದರೂ ಅದನ್ನು ಪ್ರಕಟಿಸಲಿಲ್ಲ. ಹತ್ತು ವರ್ಷ ಆ ವಿಷಯ ಹಾಗೇ ಬಿದ್ದಿತ್ತು.

ಎತ್ತಿಕೊಂಡವರು ಆಕ್ಸ್‌ಫರ್ಡಿನ ಹೊವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್ ಮತ್ತು ಅವರ ಬಳಗ. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಬ್ಯಾಕ್ಟೀರಿಯಾ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಮದ್ದಿಲ್ಲದ ನಾಲ್ಕೂ ಸತ್ತಿದ್ದವು. 1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಮೊದಲ ಇಂಜೆಕ್ಷನ್ ಹೋಯಿತು. ಮುಖವೆಲ್ಲ ಕೀವು ತುಂಬಿ ಒಂದು ಕಣ್ಣು ಕಳೆದುಕೊಂಡಿದ್ದ ಮನುಷ್ಯ ಒಂದೆರಡು ದಿನದಲ್ಲಿ ಚೇತರಿಸಿಕೊಂಡು ಊಟ ಕೇಳಿದ. ಐದು ದಿನಕ್ಕೆ ಮದ್ದು ತೀರಿತು. ಅವನ ಮೂತ್ರದಿಂದ ಪೆನಿಸಿಲಿನ್ ಮರಳಿ ತೆಗೆದು ಮತ್ತೆ ಅವನಿಗೇ ಚುಚ್ಚಿದರು, ಆದರೂ ಸಾಲಲಿಲ್ಲ. ಮಾರ್ಚ್ 15ರಂದು ಆತ ತೀರಿಕೊಂಡ. ಮದ್ದು ಕೆಲಸ ಮಾಡುತ್ತದೆ ಎಂಬುದನ್ನು ಸಾಬೀತು ಮಾಡಿದ ಮೊದಲ ರೋಗಿಯೇ ಮದ್ದು ಸಾಲದೆ ಸತ್ತ. ಈ ಕಥೆಯ ಕೊನೆಯಲ್ಲಿ ನಮ್ಮ ಊರುಗಳ ವಿಷಯಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಆ ಬಳಗದಲ್ಲಿ ನಾನು ತುಂಬ ಗೌರವಿಸುವ ವ್ಯಕ್ತಿ ನಾರ್ಮನ್ ಹೀಟ್ಲಿ. ಯುದ್ಧದ ಕಾಲ, ಪಾತ್ರೆಗಳಿಲ್ಲ, ದುಡ್ಡಿಲ್ಲ. ರೋಗಿಗಳು ಮಲಗಿದಲ್ಲೇ ಬಳಸುವ ಬೆಡ್‌ಪ್ಯಾನ್‌ಗಳಲ್ಲಿ ಬೂಷ್ಟು ಬೆಳೆಸಿ, ಅದೇ ಆಕಾರ ನೋಡಿ ಕುಂಬಾರರಿಂದ ನೂರಾರು ಪಿಂಗಾಣಿ ಪಾತ್ರೆ ಮಾಡಿಸಿದರು. ರಸವನ್ನು ಆಮ್ಲೀಯ ಮಾಡಿ ದ್ರಾವಕಕ್ಕೆ ಎಳೆದುಕೊಂಡು, ಮತ್ತೆ ಕ್ಷಾರದ ನೀರಿಗೆ ಇಳಿಸಿ ಪೆನಿಸಿಲಿನ್ ತೆಗೆಯುವ ಉಪಾಯ ಅವರದೇ. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ ಹೋಯಿತು, ಹೀಟ್ಲಿಗೆ ಬರಲಿಲ್ಲ. 1990ರಲ್ಲಿ ಆಕ್ಸ್‌ಫರ್ಡ್ ಅವರಿಗೆ ವೈದ್ಯಕೀಯದ ಗೌರವ ಡಾಕ್ಟರೇಟ್ ಕೊಟ್ಟಿತು.

ಮುಂದಿನ ಭಾಗ ಒಂದು ರೀತಿಯಲ್ಲಿ ರೈತಾಪಿ ಕಥೆ. 1941ರಲ್ಲಿ ಫ್ಲೋರಿ ಮತ್ತು ಹೀಟ್ಲಿ ಅಮೆರಿಕಕ್ಕೆ ಹೋದಾಗ ಕೈಹಿಡಿದದ್ದು ಇಲಿನಾಯ್‌ನ ಪಿಯೋರಿಯಾದಲ್ಲಿದ್ದ ಕೃಷಿ ಇಲಾಖೆಯ ಪ್ರಯೋಗಾಲಯ. ಮೆಕ್ಕೆಜೋಳದಿಂದ ಹಿಟ್ಟು ತೆಗೆದ ಮೇಲೆ ಉಳಿಯುವ ನೆನೆಸಿದ ನೀರನ್ನು ಬೂಷ್ಟಿಗೆ ಆಹಾರವಾಗಿ ಹಾಕಿದಾಗ ಇಳುವರಿ ಹಲವು ಪಟ್ಟು ಏರಿತು. 1943ರಲ್ಲಿ ಪಿಯೋರಿಯಾದ ಮಾರುಕಟ್ಟೆಯ ಕೊಳೆತ ಕರ್ಬೂಜದ ಹಣ್ಣಿನ ಮೇಲಿದ್ದ ಬೂಷ್ಟು ಫ್ಲೆಮಿಂಗ್ ತಳಿಗಿಂತ ಎಷ್ಟೋ ಹೆಚ್ಚು ಪೆನಿಸಿಲಿನ್ ಕೊಟ್ಟಿತು. ಅದಕ್ಕೆ ಎಕ್ಸ್-ರೇ ಹಾಯಿಸಿ ಇನ್ನೂ ಒಳ್ಳೆಯ ತಳಿಗಳನ್ನು ಆರಿಸಿದರು. ತಟ್ಟೆಯ ಮೇಲ್ಮೈಯಲ್ಲಿ ಬೆಳೆಯುತ್ತಿದ್ದದ್ದನ್ನು ಗಾಳಿ ಊದುವ ಆಳದ ಟ್ಯಾಂಕುಗಳಿಗೆ ಇಳಿಸಿದರು. 1944ರ ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿಯುವ ಹೊತ್ತಿಗೆ ಗಾಯಾಳುಗಳಿಗೆ ಬೇಕಾದಷ್ಟು ಪೆನಿಸಿಲಿನ್ ಸಿದ್ಧವಾಗಿತ್ತು.

ಪೆನಿಸಿಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಗೆಯೂ ಸರಳ. ಬ್ಯಾಕ್ಟೀರಿಯಾದ ಸುತ್ತ ಗಟ್ಟಿ ಗೋಡೆಯೊಂದಿದೆ. ಅದು ಬೆಳೆದಂತೆಲ್ಲ ಗೋಡೆಯನ್ನೂ ಕಟ್ಟುತ್ತಾ ಹೋಗಬೇಕು. ಆ ಗೋಡೆಯ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ಪೆನಿಸಿಲಿನ್ ಅಂಟಿಕೊಂಡು ಅದನ್ನು ನಿಷ್ಕ್ರಿಯ ಮಾಡುತ್ತದೆ. ಗಾರೆಯಿಲ್ಲದೆ ಕಲ್ಲಿಟ್ಟ ಗೋಡೆಯಂತೆ ಅದು ಒಳಗಿನ ಒತ್ತಡಕ್ಕೆ ಒಡೆದುಹೋಗುತ್ತದೆ. ಮನುಷ್ಯನ ಜೀವಕೋಶಕ್ಕೆ ಇಂಥ ಗೋಡೆಯೇ ಇಲ್ಲ. ಆದ್ದರಿಂದ ಅಲರ್ಜಿ ಇಲ್ಲದವರಿಗೆ ಪೆನಿಸಿಲಿನ್‌ನಷ್ಟು ನಿರಪಾಯದ ಆಂಟಿಬಯೋಟಿಕ್ ಸಿಗುವುದು ಕಷ್ಟ, ಗರ್ಭಿಣಿಯರಿಗೂ ಕೊಡಬಹುದು. ವೈರಸ್ಸಿಗೂ ಗೋಡೆಯಿಲ್ಲ. ಹಾಗಾಗಿ ವೈರಸ್ ಜ್ವರಕ್ಕೆ ಪೆನಿಸಿಲಿನ್ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಸ್ವಾತಂತ್ರ್ಯ ಬಂದಾಗ ಭಾರತಕ್ಕೆ ಪೆನಿಸಿಲಿನ್ ಹೊರದೇಶದಿಂದಲೇ ಬರಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಂಪನಿ ಹುಟ್ಟಿತು. ಸ್ವತಂತ್ರ ಭಾರತದಲ್ಲಿ ಔಷಧಿ ತಯಾರಿಕೆಗೆ ಕೇಂದ್ರ ಸರ್ಕಾರ ತೆರೆದ ಮೊದಲ ಕಾರ್ಖಾನೆ ಅದು. ಅಲ್ಲಿನ ಸಂಶೋಧನಾ ವಿಭಾಗವನ್ನು ಕಟ್ಟಿದವರಲ್ಲಿ ಮಂಡಯಂ ಮನೆತನದ ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಪ್ರಮುಖರು. ಮಣ್ಣಿನ ಸೂಕ್ಷ್ಮಜೀವಿಗಳಿಂದ ಅವರ ತಂಡ ಹೊರತೆಗೆದ ಹ್ಯಾಮೈಸಿನ್ ಶಿಲೀಂಧ್ರ ಸೋಂಕುಗಳಿಗೆ ಮದ್ದಾಯಿತು. ಅದರ ಹೆಸರಿನ ಮೊದಲಲ್ಲೇ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನ ಗುರುತಿದೆ. ಕರ್ನಾಟಕಕ್ಕೆ ಈ ಪರಂಪರೆ ಬಂದದ್ದು 1981ರಲ್ಲಿ. ಪಿಂಪ್ರಿಯ ಕಂಪನಿ ಮತ್ತು ಕರ್ನಾಟಕ ರಾಜ್ಯ ಕೈಗಾರಿಕಾ ಹೂಡಿಕೆ ಮತ್ತು ಅಭಿವೃದ್ಧಿ ನಿಗಮ ಸೇರಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಶುರು ಮಾಡಿದವು. ಸರ್ಕಾರಿ ಆಸ್ಪತ್ರೆಗಳಿಗೆ ಕಡಿಮೆ ಬೆಲೆಗೆ ಇಂಜೆಕ್ಷನ್ ಒದಗಿಸುವ ಕೆಲಸದಲ್ಲಿ ಈ ಕಂಪನಿಯದು ದೊಡ್ಡ ಪಾಲು.

ಇನ್ನು ನಮ್ಮ ಊರಿನ ರೋಗಗಳ ವಿಷಯ. ಮೊದಲು ಹೇಳಬೇಕಾದ್ದು ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ರೋಗ: ಸಂಧಿವಾತ ಜ್ವರದಿಂದ ಬರುವ ಹೃದಯದ ಕವಾಟದ ಕಾಯಿಲೆ. ಶಾಲೆಗೆ ಹೋಗುವ ಮಗುವಿಗೆ ಗಂಟಲು ನೋವು ಬರುತ್ತದೆ. ಕಷಾಯ ಕುಡಿಸುತ್ತಾರೆ, ನಾಲ್ಕು ದಿನಕ್ಕೆ ಕಡಿಮೆಯಾಗುತ್ತದೆ. ಆ ಗಂಟಲು ನೋವು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದಾಗಿದ್ದರೆ, ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ಮೇಲೆ ಜ್ವರ ಬಂದು ಮಂಡಿ, ಹರಡು, ಮೊಣಕೈ ಒಂದಾದ ಮೇಲೊಂದು ಊದಿಕೊಳ್ಳುತ್ತವೆ. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ಅದನ್ನೇ ಹೋಲುವ ತನ್ನ ಹೃದಯದ ಅಂಗಾಂಶದ ಮೇಲೂ ಎರಗುತ್ತದೆ. ಕೀಲುಗಳ ಊತ ಇಳಿದುಹೋಗುತ್ತದೆ, ಹೃದಯದ ಕವಾಟಕ್ಕೆ ಆದ ಗಾಯ ಉಳಿಯುತ್ತದೆ. ಮತ್ತೆ ಮತ್ತೆ ಗಂಟಲು ಸೋಂಕು ಬಂದಂತೆ ಗಾಯದ ಮೇಲೆ ಗಾಯವಾಗಿ ಕವಾಟ ದಪ್ಪವಾಗುತ್ತದೆ, ಕಿರಿದಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದು ಮೊದಲ ಬಸುರಿನಲ್ಲಿ ಉಸಿರು ಕಟ್ಟಿದಾಗ. ಆಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಮಣಿಪಾಲ, ಬೆಂಗಳೂರಿನ ಜಯದೇವ ಎಂದು ಓಡಾಟ ಶುರುವಾಗುತ್ತದೆ. ಕಿರಿದಾದ ಕವಾಟವನ್ನು ಬಲೂನಿನಿಂದ ಅಗಲಿಸುವ ಚಿಕಿತ್ಸೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಹೆಸರುವಾಸಿಯಾದದ್ದಕ್ಕೆ ಕಾರಣ ಅಲ್ಲಿನ ವೈದ್ಯರ ಕೌಶಲ ಮಾತ್ರವಲ್ಲ, ನಮ್ಮಲ್ಲಿ ಈ ಕಾಯಿಲೆ ಅಷ್ಟು ಹೆಚ್ಚಿದೆ ಎಂಬುದೂ ಹೌದು.

ಇದು ಬೆಳೆಯದಂತೆ ತಡೆಯುವ ನಂಬಿಕೆಯ ದಾರಿಯೊಂದಿದೆ. ಒಮ್ಮೆ ಸಂಧಿವಾತ ಜ್ವರ ಬಂದ ಮಗುವಿಗೆ ಮುಂದೆ ಗಂಟಲು ಸೋಂಕೇ ಬರದಂತೆ 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚಬೇಕು. ಪೆನಿಡ್ಯೂರ್ ಎಂಬ ಹೆಸರಿನಿಂದಲೇ ಅದು ಆಸ್ಪತ್ರೆಗಳಲ್ಲಿ ಪರಿಚಿತ. ದೊಡ್ಡವರಿಗೆ 12 ಲಕ್ಷ ಯೂನಿಟ್. ಸಣ್ಣ ಬಾಟಲಿಯಲ್ಲಿ ಬಿಳಿ ಪುಡಿ ಇರುತ್ತದೆ. ಸಿಸ್ಟರ್ ಅದಕ್ಕೆ ಇಂಜೆಕ್ಷನ್ ನೀರು ಹಾಕಿ ಅಂಗೈಯಲ್ಲಿಟ್ಟು ಉರುಳಿಸಿ ಕಲಸಿದಾಗ ಹಾಲಿನಂಥ ದಪ್ಪ ದ್ರವ ಬರುತ್ತದೆ. ಸೂಜಿ ದಪ್ಪಗಿರಬೇಕು, ತಡ ಮಾಡಿದರೆ ಸೂಜಿಯೊಳಗೇ ಕಟ್ಟಿಕೊಳ್ಳುತ್ತದೆ. ಸೊಂಟದ ಆಳದ ಸ್ನಾಯುವಿಗೆ ನಿಧಾನವಾಗಿ ಒತ್ತಬೇಕು, ರಕ್ತನಾಳಕ್ಕೆ ಹೋಗಬಾರದು. ಆ ಹರಳುಗಳು ಸ್ನಾಯುವಿನಲ್ಲಿ ಕೂತು ಮೂರು ವಾರ ಹನಿಹನಿಯಾಗಿ ರಕ್ತಕ್ಕೆ ಇಳಿಯುತ್ತವೆ. ಮಗು ಎರಡು ದಿನ ಕುಂಟುತ್ತದೆ. ಮುಂದಿನ ಸಲ ಬರಲು ಅಳುತ್ತದೆ. ಇದು ಒಂದೆರಡು ಸಲದ ಮಾತಲ್ಲ. ಹೃದಯಕ್ಕೆ ತಗಲದಿದ್ದರೂ ವರ್ಷಗಟ್ಟಲೆ, ತಗಲಿದ್ದರೆ 40 ವರ್ಷ ವಯಸ್ಸಿನವರೆಗೆ, ಕೆಲವರಿಗೆ ಬದುಕಿಡೀ.

ಹೊಸನಗರದ ಒಳಗಿನ ಹಳ್ಳಿಯಿಂದ, ಶರಾವತಿ ಹಿನ್ನೀರಿನ ಆಚೆಯ ಊರಿನಿಂದ 21 ದಿನಕ್ಕೊಮ್ಮೆ ಕೂಲಿ ಬಿಟ್ಟು ಮಗುವನ್ನು ಕರೆದುಕೊಂಡು ಬರುವ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಲಾಂಚ್ ಹಿಡಿದು, ಬಸ್ ಹಿಡಿದು ಬಂದರೆ ‘ಸ್ಟಾಕ್ ಇಲ್ಲ’ ಎನ್ನುತ್ತಾರೆ. ಇಲ್ಲವೇ ‘ನಮ್ಮಲ್ಲಿ ಚುಚ್ಚಲ್ಲ, ತಾಲ್ಲೂಕು ಆಸ್ಪತ್ರೆಗೆ ಹೋಗಿ’ ಎನ್ನುತ್ತಾರೆ. ಎರಡು ಸಲ ಹೀಗಾದರೆ ಮೂರನೆಯ ಸಲ ಯಾರು ಬರುತ್ತಾರೆ? ಮಗು ಓಡಾಡಿಕೊಂಡೇ ಇದೆಯಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಕವಾಟ ಒಳಗೇ ಹಾಳಾಗುತ್ತಿರುತ್ತದೆ. ಕೆಲವೇ ರೂಪಾಯಿಯ ಇಂಜೆಕ್ಷನ್ ತಪ್ಪಿದ್ದಕ್ಕೆ ಲಕ್ಷಗಟ್ಟಲೆಯ ಕವಾಟ ಬದಲಾವಣೆಯ ಶಸ್ತ್ರಚಿಕಿತ್ಸೆ ತಲೆಗೆ ಬರುತ್ತದೆ.

ಚುಚ್ಚಲು ಹಿಂಜರಿಯುವುದೇಕೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಪೆನಿಸಿಲಿನ್ ಅಲರ್ಜಿ ನಿಜವಾದ ಅಪಾಯ. ಅಪರೂಪಕ್ಕೆ, ಹತ್ತು ಸಾವಿರದಲ್ಲಿ ಒಬ್ಬರಿಂದ ಐವರಿಗೆ, ಚುಚ್ಚಿದ ನಿಮಿಷಗಳಲ್ಲಿ ಮೈಮೇಲೆ ದದ್ದೆದ್ದು, ಗಂಟಲು ಬಿಗಿದು, ರಕ್ತದೊತ್ತಡ ಕುಸಿಯುತ್ತದೆ. ಒಂದು ಸಾವು ಸಂಭವಿಸಿದರೆ ಊರೇ ಆಸ್ಪತ್ರೆಯ ಮುಂದೆ ನಿಲ್ಲುತ್ತದೆ. ಒಬ್ಬರೇ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಭಯ ಸಹಜ. ಆದರೆ ಅದಕ್ಕೆ ಪರಿಹಾರ ಇಂಜೆಕ್ಷನ್ ನಿಲ್ಲಿಸುವುದಲ್ಲ. ಹಿಂದೆ ಅಲರ್ಜಿ ಆಗಿತ್ತೇ ಎಂದು ವಿವರವಾಗಿ ಕೇಳುವುದು, ಟೆಸ್ಟ್ ಡೋಸ್ ಕೊಟ್ಟು ನೋಡುವುದು, ಅಡ್ರಿನಲಿನ್ ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದು, ಚುಚ್ಚಿದ ಮೇಲೆ ಅರ್ಧ ಗಂಟೆ ರೋಗಿಯನ್ನು ಅಲ್ಲೇ ಕೂರಿಸುವುದು, ಇಷ್ಟು ಸಾಕು. ತಮಗೆ ಪೆನಿಸಿಲಿನ್ ಆಗುವುದಿಲ್ಲ ಎಂದು ನಂಬಿರುವ ಹತ್ತು ಜನರನ್ನು ಸರಿಯಾಗಿ ಪರೀಕ್ಷಿಸಿದರೆ ಸುಮಾರು ಒಂಬತ್ತು ಮಂದಿಗೆ ಅಲರ್ಜಿ ಇರುವುದೇ ಇಲ್ಲ ಎಂಬುದು ಹೊರದೇಶಗಳ ಅಧ್ಯಯನಗಳಲ್ಲಿ ಪದೇ ಪದೇ ಕಂಡಿದೆ.

ಎರಡನೆಯದು ಇಲಿ ಜ್ವರ. ಗದ್ದೆಯ ಕೆಸರು, ತೋಟದ ಬಸಿಗಾಲುವೆ, ಕೊಟ್ಟಿಗೆಯ ಗಂಜಳದ ನೀರು ಇಲಿ, ದನ, ನಾಯಿಗಳ ಮೂತ್ರ ಬೆರೆತ ಜಾಗಗಳು. ಹಿಮ್ಮಡಿ ಒಡೆದ, ಬೆರಳ ಸಂದಿ ಕೊಳೆತ ಬರಿಗಾಲಲ್ಲಿ ಅಲ್ಲಿ ನಿಂತವರ ಮೈಗೆ ಲೆಪ್ಟೊಸ್ಪೈರಾ ಸೇರುತ್ತದೆ. ಜೋರು ಜ್ವರ, ಕೆಂಪಾದ ಕಣ್ಣು, ಮುಟ್ಟಲಾಗದಷ್ಟು ಮೀನಖಂಡದ ನೋವು. ತಡವಾದರೆ ಕಾಮಾಲೆ, ಮೂತ್ರ ಕಟ್ಟುವುದು, ಶ್ವಾಸಕೋಶದಲ್ಲಿ ರಕ್ತಸ್ರಾವ. ಆರಂಭದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಸಾಕು. ತೀವ್ರವಾದರೆ 15 ಲಕ್ಷ ಯೂನಿಟ್ ಬೆಂಜೈಲ್ ಪೆನಿಸಿಲಿನ್ ಆರು ಗಂಟೆಗೊಮ್ಮೆ ಏಳು ದಿನ ಕೊಡುವುದು ಹಳೆಯ, ಒಪ್ಪಿತ ಕ್ರಮ. ಈಗ ಹೆಚ್ಚಿನ ಆಸ್ಪತ್ರೆಗಳಲ್ಲಿ ದಿನಕ್ಕೊಂದೇ ಸಲ ಹಾಕುವ ಸೆಫ್ಟ್ರಿಯಾಕ್ಸೋನ್ ಬಳಸುತ್ತಾರೆ, ಫಲಿತಾಂಶದಲ್ಲಿ ಎರಡೂ ಸಮ ಎಂದು ಅಧ್ಯಯನಗಳು ತೋರಿಸಿವೆ. ಕೆಲಸದ ಒತ್ತಡದ ವಾರ್ಡಿನಲ್ಲಿ ನಾಲ್ಕು ಸಲದ ಬದಲು ಒಂದು ಸಲ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಎಲ್ಲ ಜ್ವರಕ್ಕೂ ಎಲ್ಲ ಕಡೆಯೂ ಸೆಫ್ಟ್ರಿಯಾಕ್ಸೋನನ್ನೇ ಸುರಿದು ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾ ಬೆಳೆದಿವೆ. ಕಡಿಮೆ ಹರವಿನ ಮದ್ದು ಸಾಕಾಗುವಲ್ಲಿ ದೊಡ್ಡ ಹರವಿನದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿಯೇ ಮಂಗನ ಕಾಯಿಲೆಯ ಮಾತು ಬರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಎಷ್ಟು ಮನೆಗಳ ಬೆಳಕು ಆರಿಸಿತು ಎಂಬುದನ್ನು ಯಾರೂ ಮರೆತಿಲ್ಲ. ಉಣುಗು ಕಚ್ಚಿ ಬರುವ ಇದು ವೈರಸ್. ಇದಕ್ಕೆ ಪೆನಿಸಿಲಿನ್ ಇಲ್ಲ, ಸೆಫ್ಟ್ರಿಯಾಕ್ಸೋನ್ ಇಲ್ಲ, ಯಾವ ಆಂಟಿಬಯೋಟಿಕ್ಕೂ ಇಲ್ಲ. ನೀರಿನಂಶ ಕಾಯ್ದುಕೊಳ್ಳುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಬೇಗ ಆಸ್ಪತ್ರೆಗೆ ಸೇರಿಸುವುದು, ಕಾಡಿಗೆ ಹೋಗುವ ಮೊದಲು ಉಣುಗು ಕಚ್ಚದಂತೆ ತಡೆಯುವ ಎಣ್ಣೆ ಹಚ್ಚುವುದು, ಇರುವುದಿಷ್ಟೇ. ಇಲಿ ಜ್ವರ ಮಳೆಗಾಲದ್ದು, ಮಂಗನ ಕಾಯಿಲೆ ಡಿಸೆಂಬರಿನಿಂದ ಬೇಸಿಗೆಯವರೆಗಿನದು. ಆದರೆ ಋತುಗಳ ಅಂಚಿನಲ್ಲಿ ಎರಡೂ ಒಂದೇ ರೀತಿ ಶುರುವಾಗುತ್ತವೆ: ಜ್ವರ, ತಲೆನೋವು, ಮೈಕೈ ನೋವು, ಕೆಂಪು ಕಣ್ಣು. ಒಂದಕ್ಕೆ ಮೊದಲ ದಿನವೇ ಆಂಟಿಬಯೋಟಿಕ್ ಜೀವ ಉಳಿಸುತ್ತದೆ, ಇನ್ನೊಂದಕ್ಕೆ ಅದು ನಿಷ್ಪ್ರಯೋಜಕ. ಮೂರು ದಿನ ಊರಲ್ಲೇ ಸೂಜಿ ಹಾಕಿಸಿಕೊಂಡು, ನಾಲ್ಕನೇ ದಿನ ಮೂಗಿನಲ್ಲಿ ರಕ್ತ ಬಂದ ಮೇಲೆ ದೊಡ್ಡಾಸ್ಪತ್ರೆಗೆ ಓಡುವುದು ನಮ್ಮ ಕಡೆಯ ಹಳೆಯ ದುರಂತ. ಜ್ವರಕ್ಕೆ ಮದ್ದು ಕೊಡುವ ಮೊದಲು ರಕ್ತದ ಮಾದರಿ ಪರೀಕ್ಷೆಗೆ ಹೋಗಬೇಕು. ಈ ಮಾತನ್ನು ಎಷ್ಟು ಸಲ ಬರೆದರೂ ಹೆಚ್ಚಾಗದು.

ಸಿಫಿಲಿಸ್‌ಗೂ ಬೆಂಜಥೀನ್ ಪೆನಿಸಿಲಿನ್ನೇ ಮದ್ದು. ಆರಂಭದ ಹಂತದಲ್ಲಿ 24 ಲಕ್ಷ ಯೂನಿಟ್‌ನ ಒಂದು ಪ್ರಮಾಣ ಸಾಕು. ಬಸುರಿಯಿಂದ ಹೊಟ್ಟೆಯ ಕೂಸಿಗೆ ಸೋಂಕು ದಾಟದಂತೆ ಖಚಿತವಾಗಿ ತಡೆಯುವ ಮದ್ದು ಇದೊಂದೇ. ತಾಯಿ ಕಾರ್ಡ್ ಮಾಡಿಸುವಾಗಿನ ರಕ್ತ ಪರೀಕ್ಷೆಗಳಲ್ಲಿ ಸಿಫಿಲಿಸ್ ಪರೀಕ್ಷೆ ಇರುವುದು ಇದಕ್ಕಾಗಿಯೇ. ಒಡಿಶಾ, ಛತ್ತೀಸಗಡದ ಆದಿವಾಸಿಗಳನ್ನು ಕಾಡುತ್ತಿದ್ದ ಯಾಸ್ ಎಂಬ ಚರ್ಮರೋಗವನ್ನು ಮನೆಮನೆಗೆ ಹೋಗಿ ಇದೇ ಇಂಜೆಕ್ಷನ್ ಚುಚ್ಚಿ ದೇಶದಿಂದಲೇ ಓಡಿಸಲಾಯಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಯಾಸ್ ಮುಕ್ತ ಎಂದು ಘೋಷಿಸಿತು.

ಕೊಟ್ಟಿಗೆಯಲ್ಲೂ ಪೆನಿಸಿಲಿನ್‌ಗೆ ಕೆಲಸವಿದೆ. ಚಪ್ಪೆ ರೋಗ ತಗಲಿದ ಕರುವನ್ನು ಮೊದಲ ಗಂಟೆಗಳಲ್ಲೇ ದೊಡ್ಡ ಪ್ರಮಾಣದ ಪೆನಿಸಿಲಿನ್ ಕೊಟ್ಟರೆ ಮಾತ್ರ ಉಳಿಸಬಹುದು. ಕೆಚ್ಚಲು ಬಾವಿಗೆ ಮೊಲೆತೊಟ್ಟಿನ ಮೂಲಕ ಹಾಕುವ ಟ್ಯೂಬುಗಳಲ್ಲೂ ಇದೇ ಕುಟುಂಬದ ಮದ್ದುಗಳಿರುತ್ತವೆ. ಹಾಗೆ ಚಿಕಿತ್ಸೆ ಪಡೆದ ಆಕಳಿನ ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆ ಮೊಸರಾಗಿರುವುದಿಲ್ಲ, ನೀರು ನೀರಾಗಿ ಕೂತಿರುತ್ತದೆ. ಮೊಸರು ಮಾಡುವ ಬ್ಯಾಕ್ಟೀರಿಯಾವನ್ನೂ ಹಾಲಿನಲ್ಲಿರುವ ಪೆನಿಸಿಲಿನ್ ಕೊಂದಿರುತ್ತದೆ. ಲೇಬಲ್ ಮೇಲೆ ಬರೆದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬಾರದು, ಡೇರಿಗೂ ಹಾಕಬಾರದು.

ಬೂಷ್ಟುಗಳ ಕೊಡುಗೆ ಪೆನಿಸಿಲಿನ್‌ಗೆ ಮುಗಿಯುವುದಿಲ್ಲ. ಮೇಲೆ ಹೇಳಿದ ಸೆಫ್ಟ್ರಿಯಾಕ್ಸೋನ್‌ನ ಮೂಲವೂ ಬೂಷ್ಟೇ. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೋಟ್ಸು ಚರಂಡಿ ಸಮುದ್ರ ಸೇರುವ ಜಾಗದಲ್ಲಿ ಅದನ್ನು ಕಂಡರು. ನಮ್ಮ ಮಳೆಗಾಲದ ಹುಳುಕಡ್ಡಿಗೆ ಕೊಡುವ ಗ್ರಿಸಿಯೊಫುಲ್ವಿನ್ ಪೆನಿಸಿಲಿಯಂ ಕುಲದ ಇನ್ನೊಂದು ಬೂಷ್ಟಿನದು, 1939ರಲ್ಲಿ ಬೇರ್ಪಡಿಸಿದ್ದು. ಬೂಷ್ಟಿನ ಕಾಯಿಲೆಗೆ ಬೂಷ್ಟೇ ಮದ್ದು. ಕಿಡ್ನಿ ಕಸಿಯ ಯಶಸ್ಸನ್ನು ಹೆಚ್ಚಿಸಿದ ಸೈಕ್ಲೊಸ್ಪೊರಿನ್ ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಬಂತು. ಜಪಾನಿನ ಅಕಿರಾ ಎಂಡೊ ಸುಮಾರು ಆರು ಸಾವಿರ ತಳಿಗಳನ್ನು ಜಾಲಾಡಿ, ಕ್ಯೋಟೊದ ಅಕ್ಕಿ ಅಂಗಡಿಯಿಂದ ಬಂದ ಬೂಷ್ಟಿನಲ್ಲಿ ಕೊಲೆಸ್ಟರಾಲ್ ಇಳಿಸುವ ಮೊದಲ ಸ್ಟ್ಯಾಟಿನ್ ಕಂಡುಕೊಂಡರು. ಆ ಸಾಲಿನ ಲೊವಾಸ್ಟ್ಯಾಟಿನ್ ಆಸ್ಪರ್ಜಿಲ್ಲಸ್ ಬೂಷ್ಟಿನದು. 1978ರಲ್ಲಿ ಕಿರಣ್ ಮಜುಂದಾರ್ ಶಾ ಬೆಂಗಳೂರಿನಲ್ಲಿ ಶುರು ಮಾಡಿದ ಬಯೋಕಾನ್ ಅದನ್ನು ತಯಾರಿಸಿ 2001ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಬೂಷ್ಟು ಸಾಕುವ ವಿದ್ಯೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪೆನಿಸಿಲಿನ್‌ಗೆ ಬ್ಯಾಕ್ಟೀರಿಯಾ ತಿರುಗಿಬಿದ್ದ ಕಥೆ ಔಷಧಿಯಷ್ಟೇ ಹಳೆಯದು. ಮೊದಲ ರೋಗಿಗೆ ಚುಚ್ಚುವ ಮುನ್ನವೇ, 1940ರಲ್ಲಿ, ಅದನ್ನು ಒಡೆದುಹಾಕುವ ಕಿಣ್ವವನ್ನು ಚೈನ್ ಮತ್ತು ಎಡ್ವರ್ಡ್ ಅಬ್ರಹಾಂ ವರದಿ ಮಾಡಿದ್ದರು. ಕಡಿಮೆ ಪ್ರಮಾಣ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಸಾಯದೆ ಪಳಗುತ್ತವೆ ಎಂದು ಫ್ಲೆಮಿಂಗ್ ತಮ್ಮ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದರು. ಇಂದು ಕೀವು ತರುವ ಸ್ಟೆಫಿಲೊಕಾಕಸ್‌ನ ಹೆಚ್ಚಿನ ತಳಿಗಳಿಗೆ ಸಾದಾ ಪೆನಿಸಿಲಿನ್ ತಾಗುವುದಿಲ್ಲ. ಆದರೆ ಒಂದು ಅಚ್ಚರಿ ಉಳಿದಿದೆ. ಎಂಟು ದಶಕ ಕಳೆದರೂ ಗಂಟಲಿನ ಸ್ಟ್ರೆಪ್ಟೊಕಾಕಸ್ ಮತ್ತು ಸಿಫಿಲಿಸ್‌ನ ರೋಗಾಣು ಪೆನಿಸಿಲಿನ್‌ಗೆ ಪ್ರತಿರೋಧ ಬೆಳೆಸಿಕೊಂಡಿಲ್ಲ. ಅಂದರೆ ಯಾವುದಕ್ಕೆ ಈ ಮದ್ದು ನಮಗೆ ಅತಿ ಅಗತ್ಯವೋ ಅದಕ್ಕೆ ಅದು ಇಂದಿಗೂ ಮೊದಲ ದಿನದಷ್ಟೇ ಹರಿತ.

ಹಾಗಿದ್ದೂ ಅದು ಸಿಗದಿರುವುದಕ್ಕೆ ಕಾರಣ ವಿಜ್ಞಾನದಲ್ಲಿಲ್ಲ, ಲಾಭದ ಲೆಕ್ಕದಲ್ಲಿದೆ. ತೊಂಬತ್ತರ ದಶಕದ ನಂತರ ಚೀನಾದಿಂದ ಅಗ್ಗದ ಪೆನಿಸಿಲಿನ್ ಬಂದು ಬೀಳತೊಡಗಿದಾಗ ನಮ್ಮ ಹುದುಗುವಿಕೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಸ್ವಾವಲಂಬನೆಗೆಂದೇ ಪಿಂಪ್ರಿ ಕಟ್ಟಿದ ದೇಶ ಕಚ್ಚಾ ಪೆನಿಸಿಲಿನ್‌ಗೆ ಪೂರ್ತಿ ಹೊರಗಿನವರನ್ನು ನೆಚ್ಚಿಕೊಂಡಿತು. ಬೆಂಜಥೀನ್ ಪೆನಿಸಿಲಿನ್‌ನ ಮೂಲವಸ್ತು ಮಾಡುವವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ನಿಲ್ಲಿಸಿದರೂ ಎಲ್ಲೆಡೆ ಕೊರತೆ ಬರುತ್ತದೆ. ಬೆಲೆ ತೀರ ಕಡಿಮೆ, ಲಾಭ ಇಲ್ಲ, ಆದ್ದರಿಂದ ಮಾಡುವವರಿಲ್ಲ. 2024ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಔಷಧಿ ಬೆಲೆ ಪ್ರಾಧಿಕಾರ ಎಂಟು ಅಗತ್ಯ ಔಷಧಿಗಳ ಗರಿಷ್ಠ ಬೆಲೆಯನ್ನು ಶೇ. 50ರಷ್ಟು ಏರಿಸಿತು, 10 ಲಕ್ಷ ಯೂನಿಟ್ ಬೆಂಜೈಲ್ ಪೆನಿಸಿಲಿನ್ ಅದರಲ್ಲೊಂದು. ಬೆಲೆ ಏರಿತಲ್ಲ ಎಂದು ಗೊಣಗುವ ಮೊದಲು, ಏರದಿದ್ದರೆ ಮದ್ದೇ ಇರುತ್ತಿರಲಿಲ್ಲ ಎಂಬುದನ್ನು ತಿಳಿಯಬೇಕು. ಅದೇ ವರ್ಷ ಕೇಂದ್ರದ ಉತ್ಪಾದನೆ ಆಧಾರಿತ ಪ್ರೋತ್ಸಾಹ ಯೋಜನೆಯಲ್ಲಿ ಅರಬಿಂದೊ ಸಮೂಹದ ಪೆನಿಸಿಲಿನ್ ಕಾರ್ಖಾನೆ ಆಂಧ್ರದ ಕಾಕಿನಾಡದ ಬಳಿ ಕೆಲಸ ಶುರು ಮಾಡಿತು. ಇದು ಒಳ್ಳೆಯ ಸುದ್ದಿ. ಆದರೆ ಕಾಕಿನಾಡದ ಟ್ಯಾಂಕಿನಲ್ಲಿ ಬೆಳೆದ ಪೆನಿಸಿಲಿನ್ ಹೊಸನಗರದ ಹಳ್ಳಿಯ ಮಗುವಿನ ಸೊಂಟ ತಲುಪಬೇಕಾದರೆ ಮಧ್ಯೆ ಟೆಂಡರು, ಗೋದಾಮು, ಇಂಡೆಂಟು ಎಲ್ಲವೂ ಸರಿ ಇರಬೇಕು.

ಜಿಲ್ಲಾ ಆಡಳಿತ ಮತ್ತು ಆರೋಗ್ಯ ಇಲಾಖೆಗೆ ಕೇಳುವುದು ದೊಡ್ಡದೇನಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಸಂಧಿವಾತ ಜ್ವರ ಬಂದ ಮಕ್ಕಳ ಹೆಸರು ಬರೆದ ಒಂದು ಪುಸ್ತಕ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರಲಿ. 21 ದಿನ ತುಂಬಿದಾಗ ಆಶಾ ಕಾರ್ಯಕರ್ತೆ ಆ ಮನೆಗೆ ನೆನಪು ಮಾಡಲಿ. ಕಪಾಟಿನಲ್ಲಿ ಬೆಂಜಥೀನ್ ಪೆನಿಸಿಲಿನ್ ಬಾಟಲಿಗಳು, ಪಕ್ಕದಲ್ಲಿ ಅಡ್ರಿನಲಿನ್ ಇರಲಿ, ಚುಚ್ಚುವ ಸಿಸ್ಟರಿಗೆ ತರಬೇತಿ ಸಿಗಲಿ. ತಂದೆತಾಯಿಗಳಿಗೂ ಒಂದು ಮಾತು: ನಿಮ್ಮ ಮಗುವಿಗೆ ಈ ಇಂಜೆಕ್ಷನ್ ಹೇಳಿದ್ದರೆ, ಮಗು ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ, ತೋಟದಲ್ಲಿ ಕೊನೆಕೊಯ್ಲೇ ಇರಲಿ, ಮನೆಯಲ್ಲಿ ಮದುವೆಯೇ ಇರಲಿ, ಒಂದು ಸಲವೂ ತಪ್ಪಿಸಬೇಡಿ. ಸ್ಟಾಕ್ ಇಲ್ಲ ಎಂದರೆ ಸುಮ್ಮನೆ ಮನೆಗೆ ಬರಬೇಡಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಿ.